ಹಿಂದಿನ ಕೋಣೆಯ ಪಾತ್ರೆಗಳು

ಬದುಕಿರುವ ಮನುಷ್ಯನ ಮನೆಗೆ ಸಾವಿನ ಪಾತ್ರೆ ಕಳಿಸಿದ ಕೀರ್ತಿ ಅಜ್ಜಂಪುರದ ಸೀಮೆಯಲ್ಲಿ ಬೇರೆ ಯಾರಿಗೂ ಇಲ್ಲ, ಅದು ಪೂರ್ತಿ ನನ್ನದು. ಬರೀ ಪಾತ್ರೆ ಕಳಿಸಿದ್ದರೆ ಹೇಗೋ ಏನೋ. ಪಾತ್ರೆಯ ಗಾಡಿಯಲ್ಲಿ ನಮ್ಮ ಅವ್ವನೂ ಹೋದಳು, ದಾರಿಯುದ್ದಕ್ಕೂ ಅಳುತ್ತಾ ಹೋದಳು. ನನಗಾಗ ಹತ್ತೊಂಬತ್ತು ವರ್ಷ. ಮೀಸೆಗಿಂತ ಮೊದಲೇ ನನಗೆ ಬುದ್ಧಿ ಬಂದುಬಿಟ್ಟಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಕಾಲ. ಮೀಸೆ ಆಮೇಲೆ ಬಂತು. ಬುದ್ಧಿಯ ವಿಷಯವನ್ನು ಓದಿದವರಿಗೇ ಬಿಡುತ್ತೇನೆ.

ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ಮನೆ. ಅಂಗಡಿ ಬೇರೆ, ಮನೆ ಬೇರೆ ಅಂತ ಇರಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಹೋಗುವ ಬೀದಿಯಲ್ಲಿ ಪಡಸಾಲೆ, ಅದರ ಪಕ್ಕ ಒಂದು ಉದ್ದನೆಯ ಕೋಣೆ, ಆಮೇಲೆ ಅಡಿಗೆಮನೆ, ಹಿತ್ತಿಲು. ಪಡಸಾಲೆಯಲ್ಲಿ ಕೊಪ್ಪರಿಗೆಗಳನ್ನು ಒಂದರೊಳಗೊಂದು ಕೂರಿಸಿ ಜಂತಿಯವರೆಗೂ ಪೇರಿಸಿಟ್ಟಿರುತ್ತಿದ್ದರು. ಉದ್ದನೆಯ ಕೋಣೆಯಲ್ಲಿ ಹಂಡೆ, ತಪ್ಪಲೆ, ಬಡಿಸುವ ಬಕೆಟ್ಟು, ಆಳೆತ್ತರದ ಸೌಟುಗಳು. ನಾವು ಮನೆಯಲ್ಲಿ ಪಾತ್ರೆ ಇಟ್ಟುಕೊಂಡಿದ್ದೆವು ಅನ್ನುವುದಕ್ಕಿಂತ, ಪಾತ್ರೆಗಳು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಬದುಕಿದ್ದೆವು ಅನ್ನಬೇಕು. ರೈಲು ಬಂದಾಗಲೆಲ್ಲ ಇಡೀ ಮನೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ನನ್ನ ತೊಟ್ಟಿಲು ಒಂದು ಹಿತ್ತಾಳೆ ಕೊಪ್ಪರಿಗೆ, ಒಳಗೆ ಹಳೇ ಕೌದಿ. ನನಗೆ ಹತ್ತು ಥರದ ದನಿ ಹೊರಡುವುದಕ್ಕೆ ಅದೇ ಕಾರಣ ಎಂಬುದು ಅಪ್ಪನ ವಾದ.

"ಎಲ್ಲಾ ಮಕ್ಳೂ ಅತ್ರೆ ಅವ್ವಂಗೆ ಕೇಳ್ತದೆ. ಇವನು ಅತ್ತಿದ್ದು ಇವನಿಗೇ ತಿರುಗಿ ಕೇಳ್ತಿತ್ತು. ಅದಕ್ಕೇ ಇವನಿಗೆ ಇವನ ದನಿ ಮೇಲೆ ಇಷ್ಟು ಪ್ರೀತಿ."

ಅಪ್ಪ ಹಾಗೆ ಹೇಳುತ್ತಲೇ ಒಂದು ತಪ್ಪಲೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಿದ್ದ. ಬಾಡಿಗೆಗೆ ಹೋಗಿ ಬಂದ ಪ್ರತಿ ಪಾತ್ರೆಯನ್ನೂ ಹೀಗೆ ಬಡಿದು, ಬಿರುಕು ಬಿಟ್ಟಿದ್ದರೆ "ಇದು ಕೆಮ್ತಾ ಐತೆ" ಅಂತ ಪಕ್ಕಕ್ಕಿಡುತ್ತಿದ್ದ. ಅಪ್ಪ ಹಾಗೆ ಬಡಿಯುವುದು, ಕಣ್ಣು ಮುಚ್ಚುವುದು, ಕೆಮ್ಮು ಅನ್ನುವಾಗ ತಾನೇ ಕೆಮ್ಮುವುದು, ಇದನ್ನೆಲ್ಲ ನಾನು ಊಟದ ಹೊತ್ತಿಗೆ ಮಾಡಿ ತೋರಿಸಿದರೆ ಅವ್ವ ಮುದ್ದೆ ನುಂಗಲಾರದೆ ನಗುತ್ತಿದ್ದಳು. ಬಂದವರು, ಹೋದವರು, ಬೀಗರು, ಅಡಿಗೆಯವರು ಯಾರನ್ನೂ ನಾನು ಬಿಟ್ಟಿರಲಿಲ್ಲ. ಮದುವೆಯ ಪಾತ್ರೆ ಬರಿದಾಗಿ ಹಿಂತಿರುಗಬಾರದು ಎಂದು ಆ ಮನೆಗಳವರು ಎಲೆ ಅಡಿಕೆಯ ಜೊತೆ ಒಂದು ಹಿಡಿ ಬೂಂದಿ ಹಾಕಿ ಕಳಿಸುತ್ತಿದ್ದರು. ಹಾಗಾಗಿ ವೈಶಾಖದಲ್ಲಿ ನಮ್ಮ ಮನೆಯ ಊಟವೆಂದರೆ ಮುದ್ದೆ, ಈರುಳ್ಳಿ ಗೊಜ್ಜು, ಕೊನೆಗೆ ಕಂಡವರ ಮನೆಯ ಬೂಂದಿ. ಬೂಂದಿ ಕಾಳಿನ ಗಾತ್ರ ನೋಡಿ ಬೀಗರ ಜಗಳದ ಗಾತ್ರ ಹೇಳಬಲ್ಲೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಹೇಳಿದ್ದು ಯಾವತ್ತೂ ಸರಿಹೋಗಿರಲಿಲ್ಲ.

ಹಿತ್ತಿಲ ಕಡೆಗೆ ಇನ್ನೊಂದು ಕೋಣೆ ಇತ್ತು. ಅದರ ಬಾಗಿಲು ಹಿಂದಿನ ಓಣಿಗೆ ತೆರೆಯುತ್ತಿತ್ತು. ಅಲ್ಲಿ ಒಂದೇ ಒಂದು ಸೆಟ್ಟು: ಮೀಸುವ ನೀರು ಕಾಯಿಸಲು ಹಂಡೆ, ಅನ್ನಕ್ಕೊಂದು ಸಾರಿಗೊಂದು ಕೊಪ್ಪರಿಗೆ, ಬಡಿಸುವ ಸಾಮಾನು, ಲೋಟಗಳ ಒಂದು ಚೀಲ. ಅದು ಸಾವಿನ ಮನೆಗೆ ಹೋಗುವ ಪಾತ್ರೆ. ಅದಕ್ಕೆ ಬಾಡಿಗೆ ಇಲ್ಲ, ಗಾಡಿಯ ಕೂಲಿಯೂ ನಮ್ಮದೇ. ಮದುವೆ ಮೂರು ತಿಂಗಳ ಮುಂಚೆ ಗೊತ್ತಿರುತ್ತದೆ, ಸಾವು ಬೆಳಿಗ್ಗೆ ಆದರೆ ಮಧ್ಯಾಹ್ನಕ್ಕೆ ನೂರು ಜನ ನೆಂಟರು ಬಂದು ಕೂತಿರುತ್ತಾರೆ. ಆ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಪಕ್ಕದ ಮನೆಯವರು ಹಚ್ಚಬೇಕೆಂದರೆ ಅವರಲ್ಲಿ ಅಷ್ಟು ದೊಡ್ಡ ಪಾತ್ರೆ ಇರುವುದಿಲ್ಲ. ಅದಕ್ಕೇ ಆ ಸೆಟ್ಟು ಎಂಥಾ ಮುಹೂರ್ತದಲ್ಲೂ ಮದುವೆಗೆ ಹೋಗಬಾರದು, ಸದಾ ತಯಾರಿರಬೇಕು. ಹೋಗಿ ಬಂದ ಮೇಲೆ ಅವ್ವ ಅದನ್ನು ಹುಣಸೆಹಣ್ಣು ಬೂದಿ ಹಾಕಿ ತಾನೇ ಬೆಳಗಿ, ಬಿಸಿಲಿಗೆ ಬೋರಲು ಹಾಕಿ, ಒಂದೊಂದರ ತಳಕ್ಕೂ ವಿಭೂತಿ ಹಚ್ಚಿ ಒಳಗಿಡುತ್ತಿದ್ದಳು. ಕಲಾಯಿಯವನು ಬಂದರೆ ಮೊದಲು ಕಲಾಯಿ ಆಗುತ್ತಿದ್ದುದು ಆ ಸೆಟ್ಟಿಗೆ. ಯಾಕವ್ವ ಎಂದು ಒಮ್ಮೆ ಕೇಳಿದ್ದೆ.

"ಮದ್ವೆಯೋರು ತಿರುಗ್ಸಿ ಮುರುಗ್ಸಿ ನೋಡಿ ತಗೊಂಡ್ ಹೋಗ್ತಾರೆ. ಸಾವಿನ ಮನೆಯೋರು ನೋಡಲ್ಲ. ನೋಡ್ದೆ ಇರೋರಿಗೆ ನಾವೇ ನೋಡಿ ಕೊಡ್ಬೇಕು."

ಮುಂಬಾಗಿಲಿಗೆ ಬರುವವರು ಬೀದಿಯಿಂದಲೇ ಅಪ್ಪನ ಹೆಸರು ಕೂಗಿ, ಜಗಲಿ ಮೇಲೆ ಕೂತು, ಕಾಫಿ ಕುಡಿದು, ಚೌಕಾಸಿ ಮಾಡಿ ಹೋಗುತ್ತಿದ್ದರು. ಹಿಂದಿನ ಬಾಗಿಲಿಗೆ ಬರುವವರು ಕೂಗುತ್ತಿರಲಿಲ್ಲ. ಓಣಿಯಲ್ಲಿ ನಿಂತು ಒಂದು ಸಲ ಕೆಮ್ಮಿ, "ತಾಯೀ, ಪಾತ್ರೆ ಬೇಕಿತ್ತು" ಅನ್ನುತ್ತಿದ್ದರು. ಅವ್ವ ಬಾಗಿಲು ತೆರೆಯುತ್ತಿರಲಿಲ್ಲ. ಬಂದವರು ಅತ್ತಿರುತ್ತಾರೆ, ಅವರ ಮುಖ ನೋಡಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ. ಯಾರು ಸತ್ತದ್ದು ಎಂದೂ ಕೇಳುತ್ತಿರಲಿಲ್ಲ. ಕೇಳಿದರೆ ಅವರು ಆ ಹೆಸರನ್ನು ಬಾಯಲ್ಲಿ ಹೇಳಬೇಕಾಗುತ್ತದೆ, ಮತ್ತೆ ಅಳು ಬರುತ್ತದೆ. ಯಾವ ಊರು, ಯಾರ ಮನೆ, ಇಷ್ಟೇ. ಆಮೇಲೆ "ನೀನು ನಡಿಯಪ್ಪ, ಗಾಡಿ ಹಿಂದೇನೆ ಬತ್ತದೆ" ಅನ್ನುತ್ತಿದ್ದಳು. ಅವರ ಹೆಜ್ಜೆ ಸದ್ದು ಓಣಿ ದಾಟಿದ ಮೇಲೆ ಅಗುಳಿ ತೆಗೆಯುತ್ತಿದ್ದಳು. ಈ ಒಂದು ದನಿಯನ್ನು ಮಾತ್ರ ಅವ್ವ ಊಟದ ಹೊತ್ತಿಗೆ ಮಾಡಗೊಡುತ್ತಿರಲಿಲ್ಲ. ಮಾಡಗೊಡದ್ದರಿಂದ ನಾನು ಅದನ್ನು ಹಿತ್ತಿಲಲ್ಲಿ, ಖಾಲಿ ಹಂಡೆಯೊಳಗೆ ತಲೆ ಹಾಕಿ, ಎಲ್ಲಕ್ಕಿಂತ ಚೆನ್ನಾಗಿ ಕಲಿತೆ.

ಹೀಗಿರುವಾಗ ಬಸ್‌ಸ್ಟ್ಯಾಂಡಿನ ಎದುರು ಶೇಖರಪ್ಪ ಎಂಬಾತ ಹೊಸ ಅಂಗಡಿ ತೆಗೆದ. ಎಲ್ಲವೂ ಸ್ಟೀಲು, ಮಡಚುವ ಕಬ್ಬಿಣದ ಕುರ್ಚಿ, ಬಣ್ಣ ಬಣ್ಣದ ಶಾಮಿಯಾನ. ಕೆಟ್ಟ ಮನುಷ್ಯನೇನಲ್ಲ, ನಮ್ಮನ್ನು ಕಂಡರೆ ನಿಂತು ಮಾತಾಡುತ್ತಿದ್ದ. ಆದರೆ ಆ ವರ್ಷ ಊರೊಳಗಿನ ಮದುವೆಗಳೆಲ್ಲ ಅವನ ಕಡೆಗೆ ಹೋದವು. ಬೇಕಾದರೆ ನಿಮ್ಮ ಹಿತ್ತಾಳೆಯನ್ನೆಲ್ಲ ತೂಕಕ್ಕೆ ತಗೋತೀನಿ ಎಂದು ಅಪ್ಪನಿಗೆ ಹೇಳಿಯೂ ಕಳಿಸಿದ. ತೂಕಕ್ಕೆ ಎಂಬ ಮಾತು ಕೇಳಿ ಅಪ್ಪ ಒಂದು ಹೊತ್ತು ಊಟ ಬಿಟ್ಟ. ಮಾರನೇ ದಿನ ಊಟಕ್ಕೆ ಕೂತವನು ತಣ್ಣಗೆ ಹೇಳಿದ.

"ಅಂತರಘಟ್ಟೆ ಕಡೆ ಹಳ್ಳಿ ಮದ್ವೆಗಳು ಬಂದ್ರೆ ಉಳಿತೀವಿ. ಅವೂ ಹೋದ್ರೆ ಈ ವೈಶಾಖ ಮುಗಿದ ಮೇಲೆ ತೂಕಕ್ಕೆ ಹಾಕ್ಬಿಡ್ತೀನಿ. ಆ ಕಡೆಗೆಲ್ಲ ಗುರುಶಾಂತಪ್ಪ ಹೇಳಿದ್ದೇ ಮಾತು. ಅವರ ಮೊಮ್ಮಕ್ಕಳ ಮದ್ವೆ ಪಾತ್ರೇನೇ ಇನ್ನೂ ಗೊತ್ತಾಗಿಲ್ಲ. ಅವರ ಮಗ ಆ ಶೇಖರಪ್ಪನ ಹತ್ರ ಮಾತಾಡಿದಾನಂತೆ."

ಆಗ ನಾನು ತರೀಕೆರೆಯಲ್ಲಿ ಎರಡು ವರ್ಷ ಕಾಮರ್ಸ್ ಓದಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಗೆ ಬಂದಿದ್ದೆ. ಓದಿದ್ದು ತಲೆಗೆ ಹತ್ತಿರಲಿಲ್ಲ, ನಾಲಿಗೆಗೆ ಮಾತ್ರ ಹತ್ತಿತ್ತು. ಹಿಂದಿನ ಕೋಣೆಯಲ್ಲಿ ಬಂಡವಾಳ ಸುಮ್ಮನೆ ಕೂತಿದೆ, ಅದು ಶುದ್ಧ ನಷ್ಟದ ಬಾಬ್ತು ಎಂದು ಲೆಕ್ಚರರ ದನಿಯಲ್ಲಿ ಅಪ್ಪ ಅವ್ವನಿಗೆ ಪಾಠ ಮಾಡಿದೆ. ಅದೇ ವಾರ ತರೀಕೆರೆಯಿಂದ ಒಂದು ದೊಡ್ಡ ಪಾರ್ಟಿ ಬಂತು. ಮುಂದಿನ ಸೆಟ್ಟುಗಳೆಲ್ಲ ಕಡೂರಿನ ಒಂದು ದೊಡ್ಡ ಮದುವೆಗೆ ಹೋಗಿದ್ದವು. ಹಿಂದಿನದನ್ನೇ ಬೆಳಗಿ ಕೊಟ್ಟುಬಿಡೋಣ, ತರೀಕೆರೆಯವರಿಗೆ ಏನು ಗೊತ್ತಾಗುತ್ತೆ ಎಂದು ನಾನು ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ನನ್ನ ಕಿವಿಯಲ್ಲಿ ಹೇಳಲಿಲ್ಲ, ಬಂದವರಿಗೆ ಕೇಳುವ ಹಾಗೇ ಹೇಳಿದಳು.

"ಅದು ಕೊಡೋದಲ್ಲ. ಅದಕ್ಕೆ ಬೇರೆಯೋರು ಬರ್ತಾರೆ."

"ಯಾರು ಬರ್ತಾರವ್ವ? ಯಾರೂ ಸತ್ತಿಲ್ಲ ಈ ವಾರ."

"ಸಾಯ್ಲಿ ಅಂತ ಕಾಯ್ತಾ ಕೂತಿಲ್ಲ ಕಣೋ. ಸತ್ರೆ ಇರ್ಲಿ ಅಂತ ಇಟ್ಟಿರೋದು."

ಪಾರ್ಟಿ ಶೇಖರಪ್ಪನ ಅಂಗಡಿಗೆ ನಡೆಯಿತು. ನನಗೆ ಮೈಯೆಲ್ಲ ಉರಿಯಿತು. ಈ ಅವ್ವನ ಪದ್ಧತಿ ಎಷ್ಟು ಪೊಳ್ಳು ಎಂದು ತೋರಿಸಬೇಕು, ಯಾವ ದಾಸಯ್ಯ ಬಂದು ಕೆಮ್ಮಿದರೂ ಇವಳು ಪುಕ್ಕಟೆ ಗಾಡಿ ತುಂಬಿಸುತ್ತಾಳೆ ಎಂದು ಅವಳ ಕಣ್ಣಿಗೇ ತೋರಿಸಬೇಕು ಅಂದುಕೊಂಡೆ. ಮಾರನೇ ದಿನ ಅಪ್ಪ ಆ ಕಡೂರಿನ ಮದುವೆಯಿಂದ ಪಾತ್ರೆ ತರಲು ಮೊದಲ ಬಸ್ಸಿಗೆ ಹೋದ. ಹಾಲು ಕರೆಯುವ ಹೊತ್ತು. ನಾನು ಸುತ್ತಿ ಬಳಸಿ ಹಿಂದಿನ ಓಣಿಗೆ ಬಂದು, ಬಾಗಿಲ ಮುಂದೆ ನಿಂತು, ಒಂದು ಸಲ ಕೆಮ್ಮಿದೆ.

"ತಾಯೀ, ಪಾತ್ರೆ ಬೇಕಿತ್ತು."

ಒಳಗೆ ಬಳೆಯ ಸದ್ದು ನಿಂತಿತು. ಯಾವ ಊರಪ್ಪ ಎಂದು ಅವ್ವ ಕೇಳಿದಳು. ಆ ವಾರವಿಡೀ ಮನೆಯಲ್ಲಿ ಗುರುಶಾಂತಪ್ಪನದೇ ಮಾತು ನಡೆದಿತ್ತಲ್ಲ, ನನ್ನ ಬಾಯಿಗೆ ಅದೇ ಊರು, ಅದೇ ಮನೆ ಬಂತು. ಒಳಗೆ ಕೈಯಲ್ಲಿದ್ದ ಚೊಂಬನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ, "ನಡಿಯಪ್ಪ, ಹಿಂದೇನೆ ಬತ್ತದೆ." ದನಿ ಸಣ್ಣಗಾಗಿತ್ತು. ನಾನು ಹೆಜ್ಜೆ ಸದ್ದು ಮಾಡುತ್ತಾ ಓಣಿ ದಾಟಿದೆ. ಅರ್ಧ ಗಂಟೆ ಬಿಟ್ಟು ಹೋಗಿ, ಅವ್ವ ಪಾತ್ರೆ ಹೊರಗೆ ಹಾಕುತ್ತಿರುವಾಗಲೇ ಹಿಡಿದು, ನೋಡಿದೆಯಾ ಎಂದು ಕೇಳುವುದು ನನ್ನ ಪ್ಲಾನು. ಆ ಅರ್ಧ ಗಂಟೆ ಕಳೆಯಲು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದದ್ದೇ ತಪ್ಪಾಯಿತು. ಅಲ್ಲಿದ್ದವರಿಗೆ ನಡೆದದ್ದನ್ನು ಮಾಡಿ ತೋರಿಸಿದೆ. ನಕ್ಕರು. ಹೊಸದಾಗಿ ಬಂದವರು ಇನ್ನೊಂದು ಸಲ ಅಂದರು. ಮೂರನೇ ಆಟಕ್ಕೆ ಹೋಟೆಲಿನವನು ಬಿಟ್ಟಿ ಕಾಫಿ ಕೊಟ್ಟ. ಹೊಗಳಿಕೆಗೆ ಕೂತ ಮನುಷ್ಯನಿಗೆ ಗಡಿಯಾರ ಕಾಣಿಸುವುದಿಲ್ಲ. ಮನೆಗೆ ಬಂದು ನೋಡಿದರೆ ಹಿಂದಿನ ಕೋಣೆ ಬರಿದಾಗಿತ್ತು, ಅಡಿಗೆಮನೆಯ ಒಲೆಗೆ ನೀರು ಚಿಮುಕಿಸಿ ಆರಿಸಿಯಾಗಿತ್ತು. ಪಕ್ಕದ ಮನೆಯ ಅಜ್ಜಿ ಹೇಳಿದಳು.

"ನಿಮ್ಮವ್ವಾನೂ ಗಾಡೀಲೇ ಹೋದ್ಲು ಕಣಪ್ಪ. ಗುರುಶಾಂತಪ್ಪ ಹೋಗ್ಬಿಟ್ರಂತೆ. ಮನೇಲಿ ಮದ್ವೆ ಇಟ್ಕೊಂಡು ಹಿಂಗಾಗೋಯ್ತಲ್ಲ ಅಂತ ಒಂದೇ ಸಮ ಅಳ್ತಿದ್ಲು."

ಸೈಕಲ್ ಹತ್ತಿದೆ. ಹಿಂದಿನ ಸಂಜೆ ಮಳೆಯಾಗಿತ್ತು. ನಮ್ಮ ಕಡೆಯ ಎರೆ ಮಣ್ಣು ಒದ್ದೆಯಾದರೆ ಎತ್ತಿನ ಗಾಡಿಗೆ ದಾರಿ ಕೊಡುತ್ತದೆ, ಸೈಕಲ್ಲಿಗೆ ಕೊಡುವುದಿಲ್ಲ. ಊರು ಬಿಟ್ಟು ಸ್ವಲ್ಪ ದೂರಕ್ಕೇ ಮಡ್‌ಗಾರ್ಡಿನೊಳಗೆ ಮಣ್ಣು ಕಚ್ಚಿಕೊಂಡು ಚಕ್ರ ನಿಂತಿತು. ಕಡ್ಡಿಯಿಂದ ಕೆರೆದು ಹತ್ತುವುದು, ಮತ್ತೆ ನಿಲ್ಲುವುದು. ಕೊನೆಗೆ ಸೈಕಲ್ಲೇ ನನ್ನ ಹೆಗಲೇರಿತು. ಈರುಳ್ಳಿ ಹೊಲದಲ್ಲಿದ್ದ ಹೆಂಗಸರು ಇದನ್ನು ನೋಡಿ, "ಯಾಕಪ್ಪಾ, ಸೈಕಲ್ಲಿಗೆ ಕಾಲು ನೋವಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ನಾನೇ ಮಾಡಬೇಕಿದ್ದ ತಮಾಷೆ ಅದು.

ನಾನು ತಲುಪುವ ಮೊದಲು ನಡೆದದ್ದನ್ನು ಗಾಡಿ ಹೊಡೆಯುವ ತಿಮ್ಮಣ್ಣ ಆಮೇಲೆ ಎಷ್ಟು ಸಲ ಹೇಳಿದ್ದಾನೆಂದರೆ ನಾನೇ ಕಣ್ಣಾರೆ ಕಂಡಂತಿದೆ. ಗುರುಶಾಂತಪ್ಪ ಜಗಲಿಯ ಮೇಲೆ ಮಣೆ ಹಾಕಿಕೊಂಡು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಎಡಗೆನ್ನೆ ಆಗಿತ್ತು, ಬಲಗೆನ್ನೆಗೆ ಸೋಪು. ಗಾಡಿ ನಿಂತಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ಇಳಿದು, ನೆಟ್ಟಗೆ ಜಗಲಿಯ ಬುಡಕ್ಕೆ ಬಂದು ಕೂತು ಅಳಲು ಶುರುಮಾಡಿದಳು.

"ಹೋಗ್ಬಿಟ್ರಾ ಯಜಮಾನ್ರೇ..."

"ಎಲ್ಲಿಗಮ್ಮ?" ಎಂದರಂತೆ ಗುರುಶಾಂತಪ್ಪ.

ನಾನು ಹೋದಾಗ ಅಲ್ಲಿ ಅರ್ಧ ಊರು ಸೇರಿತ್ತು. ಗಾಡಿಯ ಮೇಲೆ ಹಂಡೆ, ಕೊಪ್ಪರಿಗೆ ಬೋರಲು ಬಿದ್ದಿದ್ದವು, ತಳದ ವಿಭೂತಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಗುರುಶಾಂತಪ್ಪನ ಮಗ ನಾಗರಾಜ ಅವ್ವನ ಮುಂದೆ ನಿಂತು ಕೂಗಾಡುತ್ತಿದ್ದ. ಹೆಣ್ಣುಮಕ್ಕಳ ಮದುವೆ ಇಟ್ಟುಕೊಂಡ ಮನೆ ಬಾಗಿಲಿಗೆ ಸಾವಿನ ಪಾತ್ರೆ ತಂದಿದ್ದೀರಲ್ಲ, ಇನ್ನು ಈ ಸೀಮೆಯಲ್ಲಿ ಒಂದು ಲೋಟವೂ ನಿಮ್ಮದು ಬರುವುದಿಲ್ಲ ಎಂದು ಕೈ ಮುಂದೆ ಮಾಡಿ ಹೇಳುತ್ತಿದ್ದ. ಅವ್ವ ಕಣ್ಣೊರೆಸಿಕೊಂಡು ನಿಂತಿದ್ದಳು.

"ಬಂದು ಕರೆದ್ರಪ್ಪ. ಕರೆದ್ರು ಅಂತ ಬಂದೆ. ಯಜಮಾನ್ರು ಹಿಂಗೆ ಕೂತಿರೋದು ನೋಡಿ ನಂಗೆ ಸಂತೋಷಾನೇ ಆಗ್ತೈತೆ, ನೀನು ಏನಾದ್ರೂ ಅನ್ನು."

ನಮ್ಮ ಮನೆಯ ಹಿತ್ತಾಳೆಯೆಲ್ಲ ತೂಕದ ಕಲ್ಲಿನ ಎದುರು ಕೂತದ್ದು ನನ್ನ ಕಣ್ಣಿಗೆ ಕಂಡಿತು. ಹೆಗಲ ಸೈಕಲ್ ಇಳಿಸಿ, ಮೊಣಕಾಲವರೆಗೆ ಎರೆ ಮಣ್ಣು ಮೆತ್ತಿಕೊಂಡವನು ಜನರ ನಡುವೆ ನುಗ್ಗಿ, ಕರೆದದ್ದು ನಾನೇ ಎಂದೆ. ಯಾಕೆ ಕರೆದೆ ಎಂದೂ ಹೇಳಿದೆ. ಹೇಳುತ್ತಾ ಹೋದ ಹಾಗೆ ಅದು ನನಗೇ ಎಷ್ಟು ದಡ್ಡತನವಾಗಿ ಕೇಳಿತೆಂದರೆ, ಕೊನೆಯ ವಾಕ್ಯವನ್ನು ನುಂಗಿಕೊಂಡೆ. ನಾಗರಾಜ ನನ್ನ ಅಂಗಿ ಹಿಡಿದ. ಅವ್ವ ನನ್ನ ಕಡೆ ನೋಡಲಿಲ್ಲ. ಗುರುಶಾಂತಪ್ಪ ಅರ್ಧ ಸೋಪಿನ ಮುಖದಲ್ಲೇ ಕೈ ಎತ್ತಿದರು.

"ಬಿಡ್ಲಾ ಅವನ್ನ. ನೀನು ಎಲ್ಲಾರ ದನೀನೂ ಮಾಡ್ತೀಯಂತಲ್ಲ. ನಿಮ್ಮವ್ವ ಶಿವಮ್ಮ ಎಂಥೋಳು, ಅವಳ್ನೇ ಯಾಮಾರ್ಸಿದೀಯ ಅಂದ್ರೆ ಅದೇನ್ ದನಿ ಮಾಡ್ದೆ, ಮಾಡು ನೋಡಣ."

"ಬೇಡ ಯಜಮಾನ್ರೇ."

"ಮಾಡ್ಲಾ."

ಅಷ್ಟು ಜನರ ಮುಂದೆ ಆಟ ಕಟ್ಟುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಅವತ್ತು ಆಯಿತು. ಕೆಮ್ಮು ಮಾಡಿಕೊಳ್ಳಬೇಕಾಗಿರಲಿಲ್ಲ, ತಾನಾಗಿಯೇ ಬಂತು. "ತಾಯೀ, ಪಾತ್ರೆ ಬೇಕಿತ್ತು" ಎಂದೆ. ಒಬ್ಬರೂ ನಗಲಿಲ್ಲ. ಕ್ಷೌರದವನು ಕತ್ತಿಯನ್ನು ಕೆಳಗಿಟ್ಟ. ಗುರುಶಾಂತಪ್ಪ ಮಣೆಯಿಂದ ಮುಂದಕ್ಕೆ ಬಾಗಿ ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು.

"ಇದು ನನ್ ದನಿ ಕಣೋ. ನಮ್ಮನೆಯೋಳು ಹೋದಾಗ ನಿಮ್ಮ ಹಿತ್ಲ ಬಾಗ್ಲಿಗೆ ನಾನೇ ಬಂದಿದ್ದೆ. ಎಲ್ಲಿದ್ದೆ ನೀನು ಆವತ್ತು?"

ಎಲ್ಲಿದ್ದೆನೋ. ಬಾಗಿಲ ಸಂದಿಯಲ್ಲೋ, ಕೊಪ್ಪರಿಗೆಯ ಹಿಂದೋ. ಹತ್ತು ಹನ್ನೆರಡು ವರ್ಷದ ಹುಡುಗ ಯಾರದೋ ದನಿ ಎತ್ತಿಕೊಂಡು ಯಾರದೆಂದು ಮರೆತಿದ್ದೆ. ಅವ್ವ ಮರೆತಿರಲಿಲ್ಲ. ಅದೇ ಮನೆಯ ದನಿ, ಮಗನೇ ಬಂದಿದ್ದಾನೆ, ಅಂದರೆ ಹೋದದ್ದು ಯಜಮಾನರೇ ಎಂದು ನಂಬಿ, ತಾನೂ ಗಾಡಿ ಹತ್ತಿದ್ದಳು. ಗುರುಶಾಂತಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಾನು ಹಿಂಗ್ ಕೇಳಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ. ನೂರು ಎಕರೆ ಜಮೀನ್ದಾರ, ಭಿಕ್ಷೆ ಕೇಳ್ದಂಗ್ ಕೇಳಿದೀನಿ. ಬಾಗ್ಲು ತೆಗೀದೆ ನನ್ನ ಮಾನ ಉಳಿಸಿದ್ಲು ಈಯಮ್ಮ."

ಹಿಂದೆ ನಿಂತಿದ್ದ ಒಬ್ಬ ಹೆಂಗಸು, ಯಾರನ್ನೂ ಉದ್ದೇಶಿಸದೆ, ತಮ್ಮ ಮಾವ ಹೋದ ದಿನ ಹಳ್ಳ ಬಂದಿತ್ತು ಎಂದಳು. ಗಾಡಿ ಬರೋದಿಲ್ಲ ಅಂತ ಕೂತಿದ್ವಿ, ಎದೆಮಟ್ಟ ನೀರಲ್ಲಿ ತಿಮ್ಮಣ್ಣ ಹಂಡೆ ಹೊತ್ಕೊಂಡ್ ಬಂದಿದ್ದ ಎಂದಳು. ಇನ್ನೊಬ್ಬ, ತನ್ನ ಅಣ್ಣ ಬಾವಿಗೆ ಬಿದ್ದ ದಿನ ಊರಲ್ಲಿ ಯಾರೂ ಹತ್ತಿರ ಬರದಿದ್ದಾಗ ಬಂದದ್ದು ಈ ಪಾತ್ರೆಗಳೇ ಎಂದ. ನಾನು ಆಡಿದ್ದು ಒಬ್ಬರ ದನಿಯಾದರೂ ಅಲ್ಲಿ ನಿಂತಿದ್ದವರಲ್ಲಿ ಎಷ್ಟೋ ಜನಕ್ಕೆ ಅದು ತಮ್ಮದಾಗಿ ಕೇಳಿತ್ತು. ನಾಗರಾಜನ ಕೂಗು ಇಳಿದಿತ್ತು, ಹಟ ಇಳಿದಿರಲಿಲ್ಲ.

"ಆಗ್ಲಿ ಅಪ್ಪ, ಒಪ್ಕೋತೀನಿ. ಆದ್ರೂ ಶೇಖರಪ್ಪಂಗೆ ಮಾತು ಕೊಟ್ಟಿದೀನಿ. ಸ್ಟೀಲು. ಕುರ್ಚಿ ಬೇರೆ ಕೊಡ್ತಾನೆ."

"ಮಾತು ಕೊಡೋವಾಗ ಒಂದು ಕೇಳ್ದಾ? ಮದ್ವೆ ಸೀಸನ್ನಾಗೆ ನಮ್ಮಪ್ಪ ಸತ್ರೆ ಪಾತ್ರೆ ಕೊಡ್ತೀಯಾ ಅಂತ?"

"ಅದನ್ನ ಯಾರಾದ್ರೂ ಕೇಳ್ತಾರಾ?"

"ಕೇಳಲ್ಲ. ಕೇಳ್ದೇನೇ ಕೊಡೋರ ಹತ್ರ ವ್ಯಾಪಾರ ಮಾಡ್ಬೇಕು. ಕುರ್ಚಿ ಶೇಖರಪ್ಪಂದೇ ತಗೋ, ಕೂರೋಕೆ ಯಾರ್ದಾದ್ರೇನು. ಉಣ್ಣೋದು ಇವ್ರ ಪಾತ್ರೇಲಿ."

ಹೀಗೆ ಹೇಳಿ, ಕ್ಷೌರದವನ ಕಡೆ ಬಲಗೆನ್ನೆ ತಿರುಗಿಸಿದರು. ಸೋಪು ಒಣಗಿಹೋಗಿತ್ತು, ಮತ್ತೆ ಹಚ್ಚಬೇಕಾಯಿತು. ಒಳಗಿನಿಂದ ಅವ್ವನಿಗೂ ತಿಮ್ಮಣ್ಣನಿಗೂ ಮುದ್ದೆ ಹುರುಳಿಸಾರು ಬಂತು. ನನಗೂ ತಟ್ಟೆ ಕೊಟ್ಟರು, ಆದರೆ ಎತ್ತುಗಳಿಗೆ ನೀರು ಕುಡಿಸಿದ ಮೇಲೆ. ಮದುವೆಯ ದಿನ ನೀನು ಬಂದು ಬೀಗರ ಮುಂದೆ ನನ್ನ ದನಿಯಲ್ಲೇ ಮಾತಾಡಬೇಕು, ಬೈಯುವ ದನಿಯಲ್ಲಿ, ಆ ಇನ್ನೊಂದರಲ್ಲಿ ಅಲ್ಲ ಎಂದು ಗುರುಶಾಂತಪ್ಪ ದಂಡ ಹಾಕಿದರು. ಮಾತಾಡಿದೆ. ಬೀಗರು ಹೆದರಿದರು.

ವಾಪಸು ಬರುವಾಗ ಅವ್ವ ಗಾಡಿಯಲ್ಲಿ, ನಾನು ಸೈಕಲ್ ಹೊತ್ತು ಗಾಡಿಯ ಹಿಂದೆ. ಊರು ಹತ್ತಿರವಾದಾಗ, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಒಂದು ಸಲಹೆ ಕೊಟ್ಟೆ.

"ಇನ್ಮೇಲೆ ಬಾಗ್ಲು ತೆಗೆದು ಮುಖ ನೋಡಿ ಕೊಡವ್ವ. ಯಾರಾದ್ರೂ ಹಿಂಗ್ ಮಾಡ್ಬಿಟ್ರೆ?"

"ನೀನೊಬ್ಬ ಸುಳ್ಳು ಹೇಳ್ದೆ ಅಂತ ಉಳಿದೋರ್ಗೆಲ್ಲ ಮುಖ ತೋರ್ಸು ಅನ್ಲಾ? ಹೊತ್ಕೊಂಡ್ ಬಾ ಸುಮ್ನೆ."

ಆ ವೈಶಾಖದ ಕಥೆ ನಮಗಿಂತ ಮುಂಚೆ ಸಂತೆಗೆ ಹೋಗಿ ಮುಟ್ಟಿತು. ಜನ ನನ್ನನ್ನು ನೋಡಿ ನಕ್ಕರು, ಈಗಲೂ ನಗುತ್ತಾರೆ. ಆದರೆ ನಗುತ್ತಾ ನಗುತ್ತಾ ಇನ್ನೊಂದು ಮಾತನ್ನೂ ಸೇರಿಸಿದರು. ಸತ್ತಿದ್ದು ನಿಜವೋ ಸುಳ್ಳೋ ಕೇಳದೆ ಗಾಡಿ ಕಟ್ಟುವ ಮನೆಯಂತೆ ಅದು, ಮನೆಯಾಕೆಯೇ ಅಳುತ್ತಾ ಬರುತ್ತಾಳಂತೆ ಎಂದರು. ಅಂತರಘಟ್ಟೆ ಕಡೆಯ ಮದುವೆಗಳು ಬಂದವು, ಅದರ ಬೆನ್ನಿಗೆ ಆ ಮದುವೆಗಳ ಬೀಗರ ಊರಿನ ಮದುವೆಗಳು ಬಂದವು. ಮುಂಬಾಗಿಲಿಗೆ ಬಂದು ಜಗಲಿ ಮೇಲೆ ಕೂತವರನ್ನು ನಾನು ಹೊಸ ಕಿವಿಯಿಂದ ಕೇಳತೊಡಗಿದೆ. ಚೌಕಾಸಿ ಮಾಡುವವರು ಮಾಡುತ್ತಿದ್ದರು. ಆದರೆ ಕೆಲವರು ದರವನ್ನೇ ಕೇಳದೆ ದಿನ ಮಾತ್ರ ಹೇಳಿ ಎದ್ದುಹೋಗುತ್ತಿದ್ದರು. ಅವರೆಲ್ಲ ಎಂದೋ ಒಂದು ದಿನ ಹಿಂದಿನ ಓಣಿಯಲ್ಲಿ ನಿಂತವರು. ಅಪ್ಪನಿಗೆ ಇದು ಮೊದಲೇ ಗೊತ್ತಿತ್ತೋ ಅಥವಾ ನನ್ನ ಜೊತೆಗೇ ಗೊತ್ತಾಯಿತೋ ಹೇಳಲಾರೆ. ಒಂದು ಸಂಜೆ ತಪ್ಪಲೆ ಬಡಿಯುತ್ತಾ ಕೇಳಿದ.

"ಏನ್ಲಾ ಪರ್ಮೇಶ, ನಿನ್ನ ಕಾಮರ್ಸಲ್ಲಿ ಇದಕ್ಕೊಂದು ಹೆಸರಿರ್ಬೇಕಲ್ಲ?"

"ಗುಡ್‌ವಿಲ್ ಅಂತಾರಪ್ಪ."

"ಅದನ್ನ ಯಾವ ಕಡೆ ಬರೀತಾರೆ?"

"ಆಸ್ತಿ ಕಡೆ."

"ಹಂಗಾದ್ರೆ ಹಿಂದಿನ ಕೋಣೇನ ನಷ್ಟದ ಬಾಬ್ತು ಅಂದೋನು ಫೇಲಾಗಿದ್ದು ಸರಿಯಾಗೇ ಐತೆ."

ಎಂಬತ್ತರ ದಶಕಕ್ಕೆ ಕಾಲಿಡುವಾಗ ನಮ್ಮ ಮನೆಗೂ ಸ್ಟೀಲು ಬಂತು, ಕುರ್ಚಿ ಬಂತು, ತಿಮ್ಮಣ್ಣನ ಗಾಡಿಯ ಜೊತೆಗೆ ಒಂದು ಹಳೇ ಟೆಂಪೋ ಬಂತು. ತರೀಕೆರೆಯಲ್ಲಿ ಒಂದು ಮಳಿಗೆ ಹಿಡಿದೆವು. ಅದಕ್ಕೆ ಹಿಂದೆ ಬಾಗಿಲಿರಲಿಲ್ಲ. ಮಾಲೀಕನನ್ನು ಒಪ್ಪಿಸಿ ಗೋಡೆ ಒಡೆಸಿ ಬಾಗಿಲು ಇಡಿಸಿದ ಮೇಲೆಯೇ ಅವ್ವ ಅಲ್ಲಿ ಪೂಜೆಗೆ ಕೂತದ್ದು. ನಾನು ಆ ಹೊತ್ತಿಗೆ ವ್ಯಾಪಾರದಲ್ಲಿ ಪಳಗಿದ್ದೆ, ಅಂದರೆ ಮತ್ತೆ ಕೊಬ್ಬಿದ್ದೆ. ಶೇಖರಪ್ಪನೂ ಚೆನ್ನಾಗಿಯೇ ನಡೆಸಿಕೊಂಡು ಹೋಗುತ್ತಿದ್ದ. ಊರೊಳಗಿನ ಮದುವೆಗಳು ಅವನವು, ಹಳ್ಳಿಯವು ನಮ್ಮವು ಎಂದು ತಾನಾಗಿಯೇ ಹಂಚಿಕೆಯಾಗಿತ್ತು.

ಒಂದು ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದಾಗ ಹಿಂದಿನ ಓಣಿಯಲ್ಲಿ ಕೆಮ್ಮಿದ ಸದ್ದಾಯಿತು. ದನಿ ಕೇಳಿದ ಕೂಡಲೇ ಗುರುತು ಹಿಡಿದೆ, ನನ್ನ ಕಿವಿ ಅದಕ್ಕೇ ಇರುವುದು. ಅದು ಶೇಖರಪ್ಪ. ದೊಡ್ಡ ಮುಹೂರ್ತದ ದಿನ, ಅವನ ಅಂಗಡಿಯ ಕೊನೆಯ ಸೌಟೂ ಯಾರದೋ ಮದುವೆಯಲ್ಲಿತ್ತು, ಮನೆಯಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಅವ್ವ ಊರು ಕೇಳಲಿಲ್ಲ, ಮನೆ ಕೇಳಲಿಲ್ಲ. "ನಡಿಯಪ್ಪ, ಹಿಂದೇನೆ ಬತ್ತದೆ" ಎಂದಳು. ಹೆಜ್ಜೆ ಸದ್ದು ದಾಟಿದ ಮೇಲೆ ಅಗುಳಿ ತೆಗೆದಳು. ನಾನು ಹಂಡೆ ಹೊತ್ತು ಟೆಂಪೋಗೆ ಹಾಕಿದೆ.

ಸಂಜೆ ನನ್ನ ತಲೆ ಓಡಿತು. ಎದುರು ಪಾರ್ಟಿಯೇ ನಮ್ಮ ಬಾಗಿಲಿಗೆ ಬಂದ ಮೇಲೆ ಇನ್ನು ಮುಚ್ಚುಮರೆ ಯಾಕೆ? ನಮ್ಮ ವ್ಯಾಪಾರದ ಬೇರು ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು, ಅದು ಸೀಮೆಗೆಲ್ಲ ಗೊತ್ತಾದರೆ ಕಡೂರಿನಲ್ಲೂ ಒಂದು ಮಳಿಗೆ ತೆಗೆಯಬಹುದಿತ್ತು. ಊಟಕ್ಕೆ ಕೂತಾಗ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಬರೆಸೋಣ, "ಸಾವಿನ ಮನೆಗೆ ಪಾತ್ರೆ ಉಚಿತ" ಅಂತ, ಕೆಳಗೆ ನಮ್ಮ ಅಂಗಡಿ ಹೆಸರು ಅಂದೆ. ಪೇಂಟರನನ್ನೂ ಗೊತ್ತುಮಾಡಿದ್ದೆ. ಅಪ್ಪ ಅವ್ವನ ಕಡೆ ನೋಡಿದ. ಅವ್ವ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಸಾರು ಬಿಟ್ಟು, ಆಮೇಲೆ ಹೇಳಿದಳು.

"ಬರ್ಸಪ್ಪ. ಬರ್ಸಿ, ಹಿಂದ್ಗಡೆ ಬಾಗ್ಲಿಗೇ ಹಾಕು. ಹೆಣ ಮನೇಲಿಟ್ಟು ಬಂದೋರ ಮುಂದೆ ನೀನೇ ನಿಂತ್ಕೊಂಡು ಅದನ್ನ ಗಟ್ಟಿಯಾಗಿ ಓದು."